ಭಾವ ಟೂಟಿಂಗಿನಲ್ಲಿ, ಫೋಟೋ ಮೆಕ್ಸಿಕೋದಲ್ಲಿ

ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡಿದವರಿಗೆ ಪುಣ್ಯ ಬರುತ್ತದೆಂದು ಹಿರಿಯರು ಹೇಳಿದ್ದಾರೆ. ನಾನಂತೂ ಪ್ರತಿ ಶನಿವಾರ ಪಂಚಾಂಗ ಓದುವ ವ್ರತ ಹಿಡಿದಿದ್ದೆ. ಲಂಡನ್ನಿನ ಅಂಚಿನ ಹೇಸ್‌ನಲ್ಲಿದ್ದ ನನ್ನ ಬಾಡಿಗೆ ಮನೆಯಿಂದ ಹೊರಟು, ರೈಲು ಬದಲಾಯಿಸಿ, ಟೂಟಿಂಗಿನಲ್ಲಿ ಇಳಿದು, ಅಕ್ಕನ ಮನೆಯ ಮುಂಗೋಣೆಯಲ್ಲಿ ಕುಳಿತು ಭಾವನಿಗೆ ಓದಿ ಹೇಳುತ್ತಿದ್ದೆ. ಅದರ ಪುಣ್ಯ ನಮಗೆ ಸಂದಾಯವಾಯಿತೋ ಇಲ್ಲವೋ ಹೇಳಲಾರೆ. ಏಕೆಂದರೆ ಆ ಪಂಚಾಂಗ ಮೆಕ್ಸಿಕೋದ್ದು.

ಮೆಕ್ಸಿಕೋದ ಪಶ್ಚಿಮ ತೀರದಲ್ಲಿ ಒಂದು ಸಣ್ಣ ಊರಿದೆ. ಸಮುದ್ರದ ಬದಿಗೆ ಬಿಳಿ ಬಣ್ಣದ ಸಾಲು ಮನೆಗಳು, ನಡುವೆ ಈಜುಕೊಳ, ಪಕ್ಕದಲ್ಲಿ ಮೀನುಗಾರರ ಕೇರಿ. ಚಳಿ ದೇಶಗಳ ಮುದುಕ ಮುದುಕಿಯರು ಚಳಿಗಾಲಕ್ಕೆ ಅಲ್ಲಿಗೆ ಬಂದು ಬಿಸಿಲು ಕಾಯಿಸಿಕೊಳ್ಳುತ್ತಾರೆ. ಅವರಿಗೆ ಹೊತ್ತು ಹೋಗಬೇಕಲ್ಲ, ಅದಕ್ಕೆ ಅಲ್ಲಿಯ ಸಮಾಜ ಮಂದಿರದವರು ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ಕಾರ್ಯಕ್ರಮಗಳ ಪತ್ರಿಕೆಯನ್ನು ಇಮೇಲಿನಲ್ಲಿ ಕಳಿಸುತ್ತಾರೆ, ನಮ್ಮ ಪಂಚಾಂಗ ಅದೇ. ಸೋಮವಾರ ಬೆಳಿಗ್ಗೆ ನೀರಿನೊಳಗೆ ವ್ಯಾಯಾಮ, ಸೊಂಟ ನೋವಿನವರಿಗೆ ಆದ್ಯತೆ. ಬುಧವಾರ ಇಸ್ಪೀಟು. ಶುಕ್ರವಾರ ಕಡಲ ತಡಿಯಲ್ಲಿ ಮೀನಿನ ಊಟ. ಭಾನುವಾರ ಸಂಜೆ ಚೌಕದಲ್ಲಿ ಬ್ಯಾಂಡು, ಕುರ್ಚಿ ನೀವೇ ತರತಕ್ಕದ್ದು. ಆಮೆಮರಿಗಳನ್ನು ಸಮುದ್ರಕ್ಕೆ ಬಿಡುವ ದಿನ ಮುಂದೆ ತಿಳಿಸಲಾಗುವುದು. ಭಾವನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಕಣ್ಣು ಸರಿಯಿದ್ದ ಕಾಲದಲ್ಲೂ ಅವರ ಇಂಗ್ಲಿಷ್ ಮೆನು ಕಾರ್ಡಿನ ಗಡಿ ದಾಟಿರಲಿಲ್ಲ. ಹಾಗಾಗಿ ಓದುವ ಅಧಿಕಾರ ನನಗೆ ಬಂತು.

ಕುಂದಾಪುರದ ಕಡೆಯ ಒಬ್ಬ ದೋಸೆ ಹೊಯ್ಯುವವರಿಗೂ ಮೆಕ್ಸಿಕೋಗೂ ಏನು ಸಂಬಂಧವೆಂದು ನೀವು ಕೇಳಬಹುದು. ಭಾವ ಹರೆಯದಲ್ಲೇ ಲಂಡನ್ನಿಗೆ ಬಂದು ಟೂಟಿಂಗಿನ ಒಂದು ಹೋಟೆಲಿನ ಕಾವಲಿಯ ಮುಂದೆ ನಿಂತವರು, ಮಂಡಿ ಸೋಲುವವರೆಗೂ ಅಲ್ಲಿಂದ ಅಲುಗಾಡಲಿಲ್ಲ. ರಜೆಯೆಂದರೆ ಊರಿಗೆ ಹೋಗುವುದು. ಊರಿಗೆ ಹೋಗುವುದೆಂದರೆ ಮದುವೆ, ಗೃಹಪ್ರವೇಶ, ಜಾಗದ ತಕರಾರು, ಸಿಟ್ಟು ಮಾಡಿಕೊಂಡ ಚಿಕ್ಕಪ್ಪ. ಅದಕ್ಕಿಂತ ಕಾವಲಿಯ ಬಿಸಿಯೇ ತಂಪೆಂದು ಅವರು ಹೇಳುತ್ತಿದ್ದರು. ಕೆಲಸ ಬಿಟ್ಟ ವರ್ಷ ಮಗಳು ಅಪ್ಪ ಅಮ್ಮನಿಗೆ ಉಡುಗೊರೆಯೆಂದು ಈ ಮೆಕ್ಸಿಕೋದ ಊರಿನಲ್ಲಿ ಮನೆ ಗೊತ್ತು ಮಾಡಿ ಟಿಕೆಟ್ ಕೈಗಿಟ್ಟಳು. ಜೊತೆಗೆ ನಾನೂ ಹೋದೆ. ಸಾಮಾನು ಹೊರಲಿಕ್ಕೆ ಮತ್ತು ಇಂಗ್ಲಿಷ್ ಮಾತಾಡಲಿಕ್ಕೆ ಒಬ್ಬ ಬ್ರಹ್ಮಚಾರಿ ಮೈದುನ ಇರುವುದು ಎಲ್ಲ ಕುಟುಂಬಗಳಿಗೂ ಶ್ರೇಯಸ್ಕರ.

ಮೊದಲ ಬೆಳಿಗ್ಗೆ ಭಾವ ಮನೆಯ ಮುಂದಿನ ಮೆಟ್ಟಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ತೆಂಗಿನ ಮರ. ಬಲೆ ಒಣಗಿಸುವವರು. ಮೀನಿಗೆ ಕಾದು ನಿಂತ ನಾಯಿ. ಪಡುವಣಕ್ಕೆ ಮುಖ ಮಾಡಿದ ಸಮುದ್ರ. ನೋಡಿ ನೋಡಿ ಅವರು ಮೆಲ್ಲಗೆ ಹೇಳಿದ್ದು ಇಷ್ಟು:

“ಇದ್ ನಮ್ಮ ಗಂಗೊಳ್ಳಿಯೇ ಮರಾಯ. ನೆಂಟ್ರ್ ಒಬ್ರೂ ಇಲ್ಲ, ಅಷ್ಟೇ.”

ಸ್ವರ್ಗದ ಬಗ್ಗೆ ಶಾಸ್ತ್ರಗಳಲ್ಲಿ ಬೇಕಾದಷ್ಟು ವರ್ಣನೆಗಳಿವೆ. ಇಷ್ಟು ನಿಖರವಾದದ್ದನ್ನು ನಾನು ಕಂಡಿಲ್ಲ.

ಆ ಚಳಿಗಾಲ, ಮತ್ತೊಂದು ಚಳಿಗಾಲ, ಇನ್ನೂ ಒಂದು. ಭಾವ ಅಲ್ಲಿ ಎಲ್ಲ ಕಾರ್ಯಕ್ರಮಗಳಿಗೂ ಹೋದರು. ಲಂಡನ್ನಿನಲ್ಲಿ ಕನ್ನಡದವರ ಗಣೇಶನ ಹಬ್ಬಕ್ಕೆ ಹೋದರೆ ಅಡುಗೆಮನೆ ಬಿಟ್ಟು ಹೊರಬರದ ಮನುಷ್ಯ, ಅಲ್ಲಿ ಈಜುಕೊಳದಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಕೆನಡಾದ ಹೆಂಗಸರ ಸಾಲಿನಲ್ಲಿ ಕೈ ಮೇಲೆತ್ತಿ ಕೆಳಗಿಳಿಸುತ್ತಿದ್ದರು. ಮೀನುಗಾರರ ಜೊತೆ ಕುಂದಾಪುರ ಕನ್ನಡದಲ್ಲೇ ಚೌಕಾಸಿ ನಡೆಯುತ್ತಿತ್ತು. ಮೀನಿನ ಕಿವಿರು ಎತ್ತಿ ತೋರಿಸಿ ಮುಖ ಹುಳಿ ಮಾಡಿದರೆ ಯಾವ ಸಮುದ್ರದವರಿಗೂ ಅರ್ಥವಾಗುತ್ತದೆ. ಮೀನು ಸಾರಿನ ಸ್ಪರ್ಧೆಯಲ್ಲಿ ಅಲ್ಲಿಯ ಒಣಮೆಣಸು ಹುರಿದು, ತೆಂಗಿನಕಾಯಿ ಕಡೆದು, ಗಸಿ ಮಾಡಿ ಇಟ್ಟರು. ಎರಡನೆಯ ಬಹುಮಾನ ಬಂತು, ಒಂದು ಹುಲ್ಲಿನ ಟೋಪಿ. ಮೊದಲನೆಯದು ನಿವೃತ್ತ ಹಲ್ಲಿನ ಡಾಕ್ಟರೊಬ್ಬರ ಪಾಲಾಯಿತು. ಅದು ಪಕ್ಷಪಾತವೆಂದು ಭಾವ ಇಂದಿಗೂ ಹೇಳುತ್ತಾರೆ. ಹಲ್ಲಿನ ಡಾಕ್ಟರಿಗೆ ವೋಟು ಹಾಕದಿದ್ದರೆ ಹಲ್ಲು ಉಳಿಯುತ್ತದೆಯೇ ಎಂಬುದು ಅವರ ವಾದ.

ಆಮೆಮರಿ ಬಿಡುವ ಸಂಜೆ ಮಾತ್ರ ಅವರು ತಮಾಷೆ ಮಾಡಲಿಲ್ಲ. ಮರಳಿನ ಮೇಲೆ ಒಂದು ಗೆರೆ ಎಳೆದು, ಪ್ರತಿಯೊಬ್ಬರ ಕೈಗೂ ಅರ್ಧ ತೆಂಗಿನ ಗೆರಟೆಯಲ್ಲಿ ಒಂದೊಂದು ಮರಿ ಕೊಟ್ಟಿದ್ದರು. ಭಾವ ಮಂಡಿಯೂರಿ ಕುಳಿತು, ಗೆರಟೆ ಓರೆ ಮಾಡಿ, ಮರಿ ಮರಳಿಗೆ ಇಳಿದೊಡನೆ ಕೈ ಮುಗಿದು “ಹೋಯ್ ಬಾ” ಎಂದರು. ಅಲ್ಲಿಯ ಸಮಾಜ ಮಂದಿರ ನೋಡಿಕೊಳ್ಳುವ ಅಜ್ಜಿ ಏನೆಂದರೆಂದು ನನ್ನನ್ನು ಕೇಳಿದಳು. ನಮ್ಮಲ್ಲಿ ಹೊರಡುವವರಿಗೆ ಬರೀ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಹೊರಡುವವರೂ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುತ್ತಾರೆ. ಹೇಳದೆ ಹೊರಡುವುದು ಸಾವಿನ ಮನೆಯಿಂದ ಮಾತ್ರ ಎಂದು ಬಿಡಿಸಿ ಹೇಳಿದೆ. ಅಜ್ಜಿ ತಲೆದೂಗಿ, ಆಮೆಗಳ ಮಟ್ಟಿಗೆ ನಿಮ್ಮವರ ಮಾತು ಸರಿ, ದೊಡ್ಡವಾದ ಮೇಲೆ ಮೊಟ್ಟೆಯಿಡಲು ಇದೇ ಮರಳಿಗೆ ಬರುತ್ತವೆ ಎಂದಳು. ಭಾವನಿಗೆ ಬಹಳ ಸಂತೋಷವಾಯಿತು. ಮೂರು ಚಳಿಗಾಲವೂ ಬಿಟ್ಟ ಪ್ರತಿ ಮರಿಗೂ ಆ ಮಾತು ಹೇಳಿದರು.

ಆಮೇಲೆ ಕಿಡ್ನಿ ಕೈಕೊಟ್ಟಿತು.

ಈಗ ವಾರದಲ್ಲಿ ಮೂರು ದಿನ ಆಸ್ಪತ್ರೆಯ ವ್ಯಾನು ಬಂದು ಅವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತದೆ. ಸೋಮವಾರ, ಬುಧವಾರ, ಶುಕ್ರವಾರ. ಅಲ್ಲಿ ವ್ಯಾಯಾಮ, ಇಸ್ಪೀಟು, ಮೀನೂಟ. ಇಲ್ಲಿ ಯಂತ್ರ, ಯಂತ್ರ, ಯಂತ್ರ. ದೇವರು ಎರಡೂ ಪಂಚಾಂಗಗಳನ್ನು ಎದುರಿಗಿಟ್ಟುಕೊಂಡೇ ಈ ಏರ್ಪಾಡು ಮಾಡಿರಬೇಕು. ಬಾಳೆಹಣ್ಣು ಬೇಡ, ಟೊಮೆಟೊ ಬೇಡ, ತೆಂಗಿನಕಾಯಿ ಬೇಡವೇ ಬೇಡ. ಕರಾವಳಿಯವನಿಗೆ ತೆಂಗಿನಕಾಯಿ ಬೇಡವೆನ್ನುವುದು ಉಸಿರಾಡು ಆದರೆ ಗಾಳಿ ಮುಟ್ಟಬೇಡ ಎಂದಂತೆ. ಭಾವ ಅದನ್ನೂ ಒಪ್ಪಿಕೊಂಡರು. ಒಪ್ಪದೆ ಉಳಿದದ್ದು ಒಂದೇ ವಿಷಯ: ಇನ್ನೊಂದು ಸಲ ಆ ಮರಳಿಗೆ ಹೋಗಬೇಕು.

ಅದು ಪೂರಾ ಹುಚ್ಚೆಂದು ಹೇಳುವಂತಿರಲಿಲ್ಲ. ಆ ಊರಿನಿಂದ ಕಾರಿನಲ್ಲಿ ಹೋಗುವಷ್ಟು ದೂರದ ಪಟ್ಟಣದಲ್ಲಿ ಡಯಾಲಿಸಿಸ್ ಕೇಂದ್ರವಿತ್ತು. ಮೊದಲೇ ಬರೆದು ಗೊತ್ತು ಮಾಡಬಹುದೆಂದು ಅಜ್ಜಿ ವಿಚಾರಿಸಿ ತಿಳಿಸಿದಳು. ಹೃದಯದ ಸ್ಕ್ಯಾನು ಒಂದಾಗಲಿ, ಆಮೇಲೆ ನೋಡೋಣವೆಂದು ಇಲ್ಲಿಯ ಡಾಕ್ಟರು ಹೇಳಿದ್ದರು. ನೋಡೋಣ ಎಂಬ ಆ ಒಂದು ಎಳೆ ಹಿಡಿದು ಭಾವ ಬೇಸಿಗೆ ಕಳೆದರು. ನಾನು ಶನಿವಾರ ಓದುವಾಗ ಆಮೆಮರಿಯ ದಿನ ಗೊತ್ತಾಯಿತೇ ಎಂದು ಪ್ರತಿ ಸಲ ಕೇಳುತ್ತಿದ್ದರು. ಸ್ಕ್ಯಾನಿನ ದಿನವನ್ನು ಅಷ್ಟು ಸಲ ಕೇಳಲಿಲ್ಲ.

ಅಕ್ಟೋಬರಿನ ಒಂದು ಪತ್ರಿಕೆಯಲ್ಲಿ ಸತ್ತವರ ಹಬ್ಬದ ಪ್ರಕಟಣೆ ಬಂತು. ಅಲ್ಲಿಯವರು ನವೆಂಬರಿನ ಮೊದಲಿಗೆ ಚೌಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೀಠ ಕಟ್ಟಿ, ತೀರಿಕೊಂಡವರ ಫೋಟೋಗಳನ್ನಿಟ್ಟು, ಚೆಂಡುಹೂವು ಸುರಿದು, ಅವರಿಗೆ ಇಷ್ಟವಾದ ತಿಂಡಿ ಇಡುತ್ತಾರೆ. ಹೂವಿನ ಎಸಳನ್ನು ದಾರಿಯುದ್ದ ಉದುರಿಸುತ್ತಾರೆ, ಸತ್ತವರಿಗೆ ಮನೆಯ ದಾರಿ ತಪ್ಪದಿರಲೆಂದು. ನಮ್ಮ ಮಹಾಲಯವನ್ನು ಬ್ಯಾಂಡು ಬಾರಿಸಿ ಮಾಡಿದ ಹಾಗೆ. ಫೋಟೋ ಕಳಿಸುವವರು ಕಳಿಸಬಹುದು ಎಂದು ಕೊನೆಯ ಸಾಲಿನಲ್ಲಿತ್ತು. ನಾನು ಓದಿ ಮುಗಿಸಿದೆ. ಭಾವ ತನ್ನದೊಂದು ಫೋಟೋ ಕಳಿಸು ಎಂದರು.

ಅಡುಗೆಮನೆಯಿಂದ ಅಕ್ಕ ಹೊರಗೆ ಬಂದ ವೇಗಕ್ಕೆ ಅವಳ ಮಂಡಿನೋವಿನ ಬಗ್ಗೆಯೇ ನನಗೆ ಅನುಮಾನ ಬಂತು. ಬದುಕಿರುವವರ ಫೋಟೋಕ್ಕೆ ಹೂವು ಹಾಕುವುದು ಎಲ್ಲಿಯ ರಿವಾಜು, ಮನೆಯಲ್ಲಿ ಮುತ್ತೈದೆ ಒಬ್ಬಳಿದ್ದಾಳೆಂಬ ಪರಿವೆ ಬೇಡವೇ ಎಂದು ಅವಳು ಶುರು ಮಾಡಿದಳು. ಮಗಳು ಮಹಡಿಯಿಂದಲೇ “ಡ್ಯಾಡ್, ದಟ್ಸ್ ಸೋ ಮಾರ್ಬಿಡ್” ಎಂದಳು. ಭಾವ ಅಕ್ಕನ ಮಾತು ಮುಗಿಯುವವರೆಗೆ ಕಾದರು.

“ಸತ್ತವ್ರಿಗೆ ದಾರಿ ತೋರ್ಸುಕೆ ಹೂಗ್ ಹಾಕ್ತ್ರಂಬ್ರ್. ನಾನೂ ಅಲ್ಲಿಗ್ ಹೋಪ್ ದಾರಿಯೇ ಹುಡ್ಕೂದ್. ನಂಗೆಂತಕ್ಕೆ ಬ್ಯಾಡ?”

ಅಕ್ಕ ಒಳಗೆ ಹೋಗಿ ಪಾತ್ರೆಗಳಿಗೆ ಉತ್ತರ ಕೊಟ್ಟಳು. ನಾನು ಫೋಟೋ ಕಳಿಸಿದೆ: ಗಿಳಿಗಳಿರುವ ಅಂಗಿ, ಬಹುಮಾನದ ಹುಲ್ಲಿನ ಟೋಪಿ, ಕೈಯಲ್ಲಿ ಮೀನಿನ ಸಾರಿನ ಸೌಟು. ವಿಷಯವನ್ನು ಅಜ್ಜಿಗೆ ಇದ್ದದ್ದು ಇದ್ದ ಹಾಗೇ ಬರೆದೆ. ಬದುಕಿದ್ದಾರೆ, ಆದರೆ ಬರಲಾಗುತ್ತಿಲ್ಲ, ಒಂದು ಮೂಲೆಯಲ್ಲಿ ಇಟ್ಟರೆ ಸಾಕು. ಅವಳು ಯಾವ ತಕರಾರೂ ತೆಗೆಯಲಿಲ್ಲ. ಮೂಲೆಯಲ್ಲೂ ಇಡಲಿಲ್ಲ. ಮುಂದಿನ ವಾರದ ಪತ್ರಿಕೆಯ ಚಿತ್ರದಲ್ಲಿ ಭಾವ ನಡುವಿನ ಮೆಟ್ಟಿಲಲ್ಲಿ, ಒಬ್ಬ ಮುದಿ ದೋಣಿಗಾರ ಮತ್ತು ಯಾರದೋ ಸತ್ತ ನಾಯಿಯ ಮಧ್ಯೆ, ಚೆಂಡುಹೂವಿನ ದಪ್ಪ ಮಾಲೆ ಹಾಕಿಕೊಂಡು, ಎದುರಿಗೆ ಮೇಣದಬತ್ತಿ ಉರಿಸಿಕೊಂಡು, ಸಮುದ್ರಕ್ಕೆ ಮುಖ ಮಾಡಿ ನಗುತ್ತಿದ್ದರು.

ಮಗಳು ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ಇಲ್ಲಿ ಹುಟ್ಟಿ ಬೆಳೆದ ಹುಡುಗಿ. ಮಾಲೆ ಹಾಕಿದ ಫೋಟೋದ ಕೆಳಗೆ ವಿವರಣೆ ಬರೆಯಬೇಕೆಂದು ಅವಳಿಗೆ ಹೊಳೆಯಲಿಲ್ಲ. ನಮ್ಮವರಿಗೋ ವಿವರಣೆ ಬೇಕಾಗಲಿಲ್ಲ. ಮಾಲೆ ಇದೆ, ದೀಪ ಇದೆ, ಮನುಷ್ಯನಿಗೆ ಕಿಡ್ನಿ ಕಾಯಿಲೆಯಿತ್ತು. ಗಿಳಿಯಂಗಿಯ ಬಗ್ಗೆ ಯಾರೂ ವಿಚಾರ ಮಾಡಲಿಲ್ಲ. ಬೆಳಗಾಗುವುದರೊಳಗೆ ಕುಂದಾಪುರ, ಉಡುಪಿ, ಬೆಂಗಳೂರು ಮೂರೂ ಕಡೆ ಭಾವ ಕಾಲವಾಗಿದ್ದರು. ಮುಗಿದ ಕೈಗಳ ಚಿತ್ರ ಸಾಲುಸಾಲಾಗಿ ಬರತೊಡಗಿತು. ಜಾಗದ ತಕರಾರಿನ ಚಿಕ್ಕಪ್ಪ ಕೂಡ ಒಂದು ಹಾಕಿ, ಒಳ್ಳೆಯ ಮನುಷ್ಯ ಎಂದು ಬರೆದಿದ್ದರು. ಭಾವ ಬಹಳ ವರ್ಷಗಳಿಂದ ಅವರ ಒಂದು ಒಳ್ಳೆಯ ಮಾತಿಗೆ ಕಾದಿದ್ದರು. ಓದಿಸಿಕೊಂಡು, ಈಗ ಬದುಕಿದ್ದೇನೆಂದು ಹೇಳಿದರೆ ಅದನ್ನು ವಾಪಸು ತೆಗೆದುಕೊಂಡಾರು, ಒಂದು ದಿನ ಇರಲಿ ಎಂದರು.

ಆ ಒಂದು ದಿನದಲ್ಲಿ ಅನಾಹುತವಾಯಿತು. ವೆಂಬ್ಲಿಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರಿದ್ದಾರೆ, ಮೊದಲು ಅಂಗಡಿ ಇಟ್ಟಿದ್ದವರು. ಲಂಡನ್ನಿನ ಕರಾವಳಿಯವರಲ್ಲಿ ಯಾರು ತೀರಿಕೊಂಡರೂ ಅವರೇ ಮುಂದಾಳು. ಯಾರೂ ನೇಮಿಸಿದ್ದಲ್ಲ. ಪುರೋಹಿತರಿಂದ ಹಿಡಿದು ಕೌನ್ಸಿಲ್ಲಿನ ಚಿತಾಗಾರದವರೆಗೆ ಅವರಿಗೆ ಎಲ್ಲ ಬಾಯಿಪಾಠ. ಭಾನುವಾರ ಮಧ್ಯಾಹ್ನ ಅವರ ಕಾರು, ಹಿಂದೆ ಇನ್ನೊಂದು ಕಾರು, ಅಕ್ಕನ ಮನೆಯ ಮುಂದೆ ನಿಂತವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಅನ್ನ, ಒಗ್ಗರಣೆಯಿಲ್ಲದ ಸಾರು ತಂದಿದ್ದರು. ಬೆಲ್ ಒತ್ತಿದರು. ಅಕ್ಕ ನೆಂಟರ ಫೋನಿನಲ್ಲಿ, ಆ ರಾತ್ರಿ ಅಲ್ಲೇ ಉಳಿದಿದ್ದ ನಾನು ಬಚ್ಚಲಲ್ಲಿ. ಬಾಗಿಲು ತೆಗೆದವರು ಭಾವನೇ.

ನಾನು ಬರುವಷ್ಟರಲ್ಲಿ ಹೊಸ್ತಿಲ ಆಚೆ ಒಬ್ಬರೂ ಅಲುಗಾಡುತ್ತಿರಲಿಲ್ಲ.

“ಬನ್ನಿ, ಬನ್ನಿ. ಕೂಕಣಿ,” ಎಂದರು ಭಾವ. “ಹೆಣ ಇನ್ನೂ ತಯಾರ್ ಆಯ್ಲಿಲ್ಲ. ಸ್ವಲ್ಪ ಹೊತ್ತಿತ್.”

ಹಿರಿಯರು ಬಂದು ಕುಳಿತರು. ಇಷ್ಟು ವರ್ಷದ ಅನುಭವದಲ್ಲಿ ಇಂಥ ಸಂದರ್ಭ ಅವರಿಗೆ ಬಂದಿರಲಿಲ್ಲವಾದ್ದರಿಂದ ಯಾವ ವಿಧಿಯೆಂದು ತೋಚದೆ ಕರವಸ್ತ್ರ ಮಡಿಸಿದರು, ಬಿಚ್ಚಿದರು. ಆಮೇಲೆ ಧೈರ್ಯ ಬಂದು, ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆಂದು ಹೇಳಿದರು. ಎಲ್ಲರೂ ಹೌದೌದೆಂದರು. ನಾವೂ ಹಾಗೇ ಅಂದುಕೊಂಡೆವು. ಕಾಫಿಯಾಯಿತು. ತಂದ ಅನ್ನವನ್ನು ವಾಪಸು ಒಯ್ಯುವಂತಿಲ್ಲ, ಚೆಲ್ಲುವಂತಿಲ್ಲ. ಭಾವ ಒಂದು ತುತ್ತು ತಿಂದು, ಉಪ್ಪಿಲ್ಲ, ಹುಳಿಯಿಲ್ಲ, ಒಗ್ಗರಣೆಯಿಲ್ಲ, ಆಸ್ಪತ್ರೆಯ ಡಯಟಿನವಳು ಹೇಳಿದ್ದು ಇದನ್ನೇ ಎಂದರು. ಸೂತಕದ ಊಟಕ್ಕೂ ತನ್ನ ದಿನದ ಊಟಕ್ಕೂ ವ್ಯತ್ಯಾಸವಿಲ್ಲದ್ದು ಅವರಿಗೆ ಅವತ್ತೇ ಗೊತ್ತಾದದ್ದು. ನಾವೆಲ್ಲ ನಕ್ಕೆವು. ನಗಬಾರದಿತ್ತೋ ಏನೋ.

ಹೊರಡುವಾಗ ಹಿರಿಯರು ಎದ್ದರು, ಅವರ ಹಿಂದೆ ಉಳಿದವರೂ ಎದ್ದರು. ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ, ಒಂದು ಮಾತೂ ಆಡದೆ ಸಾಲಾಗಿ ಹೊರಗೆ ನಡೆದರು. ಹಾಗೆ ಹೊರಟು ಹೊರಟು ಅವರಿಗೆ ಅಭ್ಯಾಸವಾಗಿ ಹೋಗಿತ್ತು. ಭಾವ ಬಾಗಿಲಿನ ಚೌಕಟ್ಟು ಹಿಡಿದು ನಿಂತು ಕೂಗಿದರು.

“ಹೋಯ್, ಬತ್ತೆ ಅಂದೇಳಿ ಹೋಯ್ನಿ ಮರಾಯ್ರೆ. ನಾನ್ ಇಲ್ಲೇ ಇದ್ದೆ.”

ಹಿರಿಯರು ಗೇಟಿನಿಂದ ವಾಪಸು ಬಂದು, ತಪ್ಪಾಯಿತೆಂದು ಕೈ ಹಿಡಿದು, “ಬರ್ತೇನೆ” ಎಂದು ಸ್ಪಷ್ಟವಾಗಿ ಹೇಳಿ ಹೋದರು. ಜೊತೆಯವರೂ ಒಬ್ಬೊಬ್ಬರಾಗಿ ಬಂದು ಹೇಳಿದರು. ಅಂದಿನಿಂದ ಆ ಮನೆಯಲ್ಲಿ ಅದೊಂದು ಕಾಯಿದೆಯಾಯಿತು. ಯಾರೇ ಹೊರಡಲಿ, ಪಾರ್ಸೆಲ್ ತಂದವನೇ ಇರಲಿ, ಭಾವ ಬಾಯಿಬಿಟ್ಟು ಹೇಳಿಸದೆ ಬಿಡುತ್ತಿರಲಿಲ್ಲ. ಹೇಳಿದವರಿಗೆ “ಹೋಯ್ ಬಾ” ಎಂದು ರಶೀದಿ ಸಿಗುತ್ತಿತ್ತು. ವ್ಯಾನಿನ ಡ್ರೈವರ್ ಘಾನಾದವನು. ಅವನು ಕಲಿತ ಏಕೈಕ ಕನ್ನಡ ಶಬ್ದ ಬತ್ತೆ.

ಸ್ಕ್ಯಾನು ಆಯಿತು. ಜನವರಿಯಲ್ಲಿ ಡಾಕ್ಟರನ್ನು ನೋಡಲು ನಾನೂ ಜೊತೆಗೆ ಹೋದೆ. ವಯಸ್ಸಿನಲ್ಲಿ ಅಕ್ಕನ ಮಗಳಷ್ಟಿರಬಹುದಾದ ಹೆಣ್ಣುಮಗಳು. ಇಲ್ಲಿಯ ಡಾಕ್ಟರುಗಳಿಗೆ ಇಲ್ಲವೆನ್ನುವುದನ್ನು ಹತ್ತಿಯಲ್ಲಿ ಸುತ್ತಿ ಕೊಡುವ ತರಬೇತಿ ಇರಬೇಕು. ಹೃದಯದ ಶಕ್ತಿ ನಾವಂದುಕೊಂಡಷ್ಟು ಇಲ್ಲ ಎಂದಳು. ವಿಮಾನ ಪ್ರಯಾಣವನ್ನು ತಾನು ಶಿಫಾರಸು ಮಾಡುವ ಸ್ಥಿತಿಯಲ್ಲಿಲ್ಲ ಎಂದಳು. ಬೇರೆ ಕಿಡ್ನಿ ಹಾಕುವ ಆಪರೇಷನ್ನಿನ ಮಾತೂ ಅದೇ ಕಾರಣಕ್ಕೆ ಮುಂದುವರಿಯುವುದಿಲ್ಲ ಎಂದಳು. ಭಾವ ನನ್ನ ಕಡೆ ತಿರುಗಿ, ಮುಂದಿನ ವರ್ಷ ಆಗುತ್ತದೆಯೋ ಕೇಳು ಎಂದರು. ನಾನು ಕೇಳಿದೆ. ಅವಳು ಪೆನ್ನು ಕೆಳಗಿಟ್ಟು, ಮೊದಲ ಸಲ ಹತ್ತಿಯಿಲ್ಲದೆ, ಇಲ್ಲ, ಇನ್ನು ಯಾವತ್ತೂ ಆಗುವುದಿಲ್ಲ ಎಂದಳು. ಅದನ್ನು ಕನ್ನಡಕ್ಕೆ ತರುವ ಕಷ್ಟ ನನಗೆ ಬರಲಿಲ್ಲ. ಅಷ್ಟು ಇಂಗ್ಲಿಷ್ ಭಾವನಿಗೆ ಬರುತ್ತಿತ್ತು.

ಸುಳ್ಳು ಸುದ್ದಿಯಿಂದ ಆಯುಷ್ಯ ಹೆಚ್ಚುವ ಶಾಸ್ತ್ರವನ್ನು ಅವಳಿಗೆ ಹೇಳೋಣವೆಂದು ಒಂದು ಕ್ಷಣ ಅನ್ನಿಸಿತು. ಭಾವನ ಕೋಟು ತೆಗೆದುಕೊಟ್ಟೆ.

ಆ ಶನಿವಾರ ನಾನು ಎಂದಿನಂತೆ ಹೋದೆ. ಪತ್ರಿಕೆಯ ಜೊತೆಗೆ ಅಜ್ಜಿ ಬೇರೆಯಾಗಿ ನಾಲ್ಕು ಸಾಲು ಬರೆದಿದ್ದಳು. ಹಬ್ಬದ ಪೀಠ ಬಿಚ್ಚಿದ ಮೇಲೆ ಬೇರೆಯವರ ಫೋಟೋಗಳನ್ನು ಮನೆಯವರು ಒಯ್ದರು. ಭಾವನದ್ದನ್ನು ಒಯ್ಯಲು ಯಾರೂ ಇರಲಿಲ್ಲವಾಗಿ ಸಮಾಜ ಮಂದಿರದ ಗೋಡೆಗೆ ಹಾಕಿದ್ದೇವೆ ಎಂದಿತ್ತು. ಅಂದರೆ ಫೋಟೋ ಈಗ ಇಸ್ಪೀಟಿಗೂ ಹಾಜರು, ಮೀನೂಟದ ಸಭೆಗೂ ಹಾಜರು. ಅದಕ್ಕೆ ಯಂತ್ರ ಬೇಡ, ಪಥ್ಯ ಬೇಡ, ವಿಮಾನಕ್ಕೆ ಯಾರ ಶಿಫಾರಸೂ ಬೇಡ. ಭಾವ ನಗಬಹುದೆಂದು ಇದನ್ನೇ ಮೊದಲು ಓದಿದೆ. ಅವರು ನಗಲಿಲ್ಲ. ಕಾಲ ಮೇಲೆ ಹೊದ್ದ ಶಾಲಿನ ದಾರವನ್ನು ಎಳೆಯುತ್ತಾ ಕುಳಿತಿದ್ದರು. ಪತ್ರಿಕೆ ತೆರೆದೆ. ಮೊದಲ ಸಾಲೇ ಆಮೆಮರಿಗಳದ್ದು: ಬರುವ ಶನಿವಾರ ಸಂಜೆ, ಎಲ್ಲರಿಗೂ ಸ್ವಾಗತ, ಬರಿಗಾಲಿನಲ್ಲಿ ಬರಬೇಕು.

“ಸಾಕ್,” ಎಂದರು ಭಾವ. “ಇನ್ ಓದೂದ್ ಬ್ಯಾಡ.”

ಮುಂದಿನ ವಾರ ಓದಲೇ ಎಂದು ಕೇಳಿದೆ. ಮುಂದಿನ ವಾರವೂ ಬೇಡವೆಂದರು. ಫೋನು ಜೇಬಿಗಿಟ್ಟೆ. ಅಕ್ಕ ಉಪ್ಪಿಲ್ಲದ ಅವಲಕ್ಕಿ ತಂದಿಟ್ಟಳು, ತಿಂದೆ. ಟಿವಿಯಲ್ಲಿ ಯಾರೋ ಯಾವುದೋ ಹಳೆಯ ಮನೆಯನ್ನು ಕೊಂಡು ರಿಪೇರಿ ಮಾಡಿಸುತ್ತಿದ್ದರು. ಪಂಚಾಂಗವಿಲ್ಲದೆ ನಾವು ಮೂವರೂ ಅದನ್ನು ಕೊನೆಯವರೆಗೆ ನೋಡಿದೆವು. ಕತ್ತಲಾಗತೊಡಗಿತು. ಎದ್ದು ಕೋಟು ಹಾಕಿಕೊಂಡೆ, ಬೂಟು ಕಟ್ಟಿದೆ, ಬಾಗಿಲ ಬಳಿ ನಿಂತೆ. ಭಾವ ತಡೆಯಲಿಲ್ಲ. ಕಾಯಿದೆ ಕಾಯಿದೆಯೇ ಎಂದು ನಾನಾಗಿಯೇ ಹೇಳಿದೆ.

“ಬಾವ, ಬತ್ತೆ.”

“ಹ್ಞೂಂ. ಹೋಗ್.”

ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು. ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

“ಹಾಂಗ್ ಹೇಳುಕಾಗ. ಹೋಯ್ ಬಾ ಅನ್ನಿ.”

ಭಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ಆಮೆಗ್ ಅಂದಿದ್ದೆ,” ಎಂದರು. “ಅದ್ ತಿರ್ಗಿ ಬಪ್ಪು ಹೊತ್ತಿಗೆ ಕಾಂಬುಕೆ ಯಾರಿತ್ರ್?”

ಅಕ್ಕ ನನ್ನ ಮುಖ ನೋಡಿದಳು. ಅವರ ಪರವಾಗಿ ಆ ಮಾತನ್ನು ಅವಳೇ ಹೇಳಿಬಿಡಬಹುದಿತ್ತು, ಬಾಯಿ ತೆರೆದದ್ದನ್ನೂ ಕಂಡೆ. ನಾನು ಹೊಸ್ತಿಲು ದಾಟಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ಹಾಕಿದಳು. ನಾನು ಮೆಟ್ಟಿಲ ಮೇಲೆ, ಬಾಕಿ ವಸೂಲಿಗೆ ಬಂದವನ ಹಾಗೆ, ಸ್ವಲ್ಪ ಹೊತ್ತು ನಿಂತೇ ಇದ್ದೆ. ಒಳಗೆ ಟಿವಿಯಲ್ಲಿ ಇನ್ನೊಂದು ಮನೆಯ ರಿಪೇರಿ ಶುರುವಾಯಿತು.